ಹೆಚ್ಚದ ಬಳೆ

ಬೀರವ್ವ ಎತ್ತಿದ ಕಲ್ಲು ಮತ್ತೊಮ್ಮೆ ಬಳೆಯ ಮೇಲೆ ಬಿತ್ತು. ಬಳೆಗೆ ಏನೂ ಆಗಲಿಲ್ಲ. ಕಲ್ಲಿನದೇ ಒಂದು ಚೂರು ಸಿಡಿದು, ಪಕ್ಕದಲ್ಲಿ ಕುಳಿತು ಹಾಡಿಕೊಂಡು ಅಳುತ್ತಿದ್ದ ನೆರೆಮನೆಯ ಹನಮಂತವ್ವನ ಸೆರಗಿಗೆ ಬಿತ್ತು. ಆಕೆ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಚೂರನ್ನು ಕೈಯಲ್ಲಿ ಹಿಡಿದು ನೋಡಿದಳು.

"ಕಲ್ಲ ಒಡೀತಲ್ಲ ಯವ್ವಾ!"

ಎಡಗೈಯ ಹಸಿರು ಗಾಜಿನ ಬಳೆಗಳ ಕೆಲಸ ಒಂದೇ ಪೆಟ್ಟಿಗೆ ಮುಗಿದಿತ್ತು. ಚೂರುಗಳು ಸಗಣಿ ಸಾರಿಸಿದ ಅಂಗಳದ ತುಂಬ ಚದುರಿದ್ದವು. ಬಲಗೈಯಲ್ಲಿ ಇದ್ದದ್ದು ಒಂದೇ ಬಳೆ, ಕಟ್ಟಿಗೆಯದು. ಬೆರಳಷ್ಟು ದಪ್ಪ, ಕರಿಗೆಂಪು ಬಣ್ಣ, ಎಣ್ಣೆ ಬೆವರು ಕುಡಿದು ಕುಡಿದು ಹೊಳೆಯುತ್ತಿತ್ತು. ಮರಿಯವ್ವ ಆ ಕೈಯನ್ನು ನೆಲದ ಮೇಲೆ ಚಾಚಿ ಕುಳಿತಿದ್ದಳು. ಬೆಳಗಿನಿಂದ ಆಕೆಯ ಬಾಯಿಂದ ಒಂದು ಮಾತು ಬಂದಿರಲಿಲ್ಲ, ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ.

ಬಳೆ ಮಾಡಿದಾತನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ತಲೆಗೆ ಹೊಸ ರುಮಾಲು ಸುತ್ತಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಗದ್ದ ಜಾರದಂತೆ ಬಟ್ಟೆ ಕಟ್ಟಿದ್ದರು. ಮರಿಯವ್ವನ ಗಂಡ, ಡೋಣಿ ಊರಿನ ಸಕ್ರಪ್ಪ, ತನ್ನ ಕೆಲಸಕ್ಕೆ ಬೀಳುತ್ತಿದ್ದ ಪೆಟ್ಟುಗಳನ್ನು ಸುಮ್ಮನೆ ಎದುರಿಗೆ ಕುಳಿತು ಕೇಳಬೇಕಾಗಿತ್ತು.

"ಎಣ್ಣಿ ತರ್ರಿ, ಜಾರಿಸಿ ತಗಿಯೂಣು," ಎಂದಳು ಬೀರವ್ವ. ಆಕೆ ಸಕ್ರಪ್ಪನ ಅಕ್ಕ. ತಮ್ಮನ ಸುದ್ದಿ ಕೇಳಿ ಬಾಳೆಹೊಸೂರಿನಿಂದ ಚಕ್ಕಡಿಯಲ್ಲಿ ಬಂದಿಳಿದವಳು ಅಳುವಷ್ಟು ಅತ್ತು, ಆಮೇಲೆ ಎಲ್ಲ ಕೆಲಸವನ್ನೂ ತನ್ನ ಕೈಗೆ ತೆಗೆದುಕೊಂಡಿದ್ದಳು. ಎಣ್ಣೆ ಬಂತು. ಇಬ್ಬರು ಹೆಂಗಸರು ಹಿಡಿದು ಎಳೆದರು. ಬಳೆ ಹೆಬ್ಬೆರಳಿನ ಬುಡದವರೆಗೆ ಬಂದು ನಿಂತುಬಿಟ್ಟಿತು. ಹಗ್ಗ ಎಳೆದು ಎಳೆದು ಮರಿಯವ್ವನ ಅಂಗೈ ಗಂಡಸಿನ ಅಂಗೈಯಷ್ಟು ದಪ್ಪವಾಗಿತ್ತು. ಅದು ಬಳೆಯನ್ನು ದಾಟಲು ಬಿಡಲಿಲ್ಲ. ಮರಿಯವ್ವನೂ ಬಿಡುತ್ತಿರಲಿಲ್ಲ. ಎಳೆದಾಗೆಲ್ಲ ಆಕೆ ಮುಷ್ಟಿ ಬಿಗಿ ಹಿಡಿಯುತ್ತಿದ್ದುದನ್ನು ಬೀರವ್ವ ನೋಡಿದಳು, ನೋಡಿಯೂ ನೋಡದವಳಂತೆ ಇದ್ದಳು.

* * *

ಸಕ್ರಪ್ಪನ ಮನೆತನದವರು ಕುರಿ ಕಾಯುವವರು. ಹುಡುಗನಾಗಿದ್ದಾಗ ತಂದೆಯ ಜೊತೆ ಉಣ್ಣೆ ಮಾರಲು ಬೆಟಗೇರಿಗೆ ಹೋದವನು, ನೇಕಾರರ ಓಣಿಯಲ್ಲಿ ಒಬ್ಬ ಮುದುಕ ಮಗ್ಗದ ಉರುಳೆಗಳನ್ನು ಕಡಸಲಿಗೆ ಹಾಕಿ ಕಡೆಯುವುದನ್ನು ನೋಡುತ್ತ ಕುಳಿತುಬಿಟ್ಟ. ತಂದೆ ಉಣ್ಣೆ ಮಾರಿ ಬಂದು, ಊಟ ಮಾಡಿ ಬಂದು, ಕಿವಿ ಹಿಂಡಿದ ಮೇಲೆ ಎದ್ದ. ಆಮೇಲೆ ಮನೆಯ ಹಿತ್ತಲಿನಲ್ಲಿ ತಾನೇ ಎರಡು ಗೂಟ ನೆಟ್ಟು ಕಡಸಲು ಮಾಡಿಕೊಂಡ. ಕುರಿಗಳು ಅಣ್ಣತಮ್ಮಂದಿರ ಪಾಲಾದವು.

ಆ ಕಡಸಲು ಒಬ್ಬರ ಕೆಲಸವಲ್ಲ. ಗೂಟಗಳ ನಡುವೆ ಕೂರಿಸಿದ ಕಟ್ಟಿಗೆಯ ದಿಂಡಿಗೆ ಹಗ್ಗ ಸುತ್ತಿ, ಅದರ ಎರಡೂ ತುದಿ ಹಿಡಿದು ಒಬ್ಬರು ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಎಳೆಯುತ್ತಿರಬೇಕು. ಕಟ್ಟಿಗೆ ತಿರುಗುತ್ತಿರುವಾಗ ಇನ್ನೊಬ್ಬರು ಕಾಲ್ಬೆರಳಲ್ಲಿ ಉಳಿ ಒತ್ತಿ ಹಿಡಿದು ಕಡೆಯಬೇಕು. ಮದುವೆಯಾಗಿ ಶಿರಹಟ್ಟಿ ಕಡೆಯಿಂದ ಬಂದ ಮರಿಯವ್ವ, ಅರಿಸಿನ ಮಾಸುವ ಮೊದಲೇ ಹಗ್ಗದ ತುದಿ ಹಿಡಿದಳು. ಯಾರೂ ಹೇಳಿರಲಿಲ್ಲ. ಗಂಡನಿಗೆ ಹಗ್ಗ ಎಳೆಯುವವರಿಲ್ಲದೆ ಕೆಲಸ ನಿಂತಿತ್ತು, ಬಂದು ಹಿಡಿದಳು, ಅಷ್ಟೆ.

ತೊಂದರೆ ಬಂದದ್ದು ಬಳೆಯಿಂದ. ಉಳಿ ಗಂಟಿಗೆ ಸಿಕ್ಕು ದಿಂಡು ಗಕ್ಕನೆ ನಿಂತಾಗ ಹಗ್ಗ ಹಿಂದಕ್ಕೆ ಜಗ್ಗಿ ಬಲಗೈಯ ಬಳೆಗಳು ಚೂರಾಗುತ್ತಿದ್ದವು. ನಮ್ಮ ಕಡೆ ಮುತ್ತೈದೆಯ ಕೈಯ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಒಡೆಯಿತು ಎಂಬ ಮಾತನ್ನು ಹೆಂಗಸಿನ ಬಾಳಿನ ಒಂದೇ ಒಂದು ದಿನಕ್ಕೆಂದು ತೆಗೆದಿಟ್ಟಿರುತ್ತಾರೆ. ಮರಿಯವ್ವನ ಬಳೆಗಳು ಸಂತೆಯಿಂದ ಸಂತೆಗೆ ಹೆಚ್ಚುತ್ತಲೇ ಇದ್ದವು. ಬಳೆಗಾರ್ತಿ ಅಲ್ಮಾಸಬಿ ಬಂದು ಹೊಸವನ್ನು ಇಡುವವರೆಗೆ ಆ ಕೈ ಬರಿದಾಗಿಯೇ ಇರುತ್ತಿತ್ತು. ಆಗಿನ್ನೂ ಬದುಕಿದ್ದ ಅತ್ತೆ ಮಂಜವ್ವನಿಗೆ ಆ ಬರಿಗೈ ಕಂಡರೆ ಮೈ ಉರಿಯುತ್ತಿತ್ತು. ಮನೆಯಲ್ಲಿ ಮಗು ಆಡದೆ ಇದ್ದುದರ ಸಿಟ್ಟೂ ಅದರಲ್ಲಿ ಸೇರಿತ್ತು.

"ನಿನ್ನ ಕೈಯಾಗ ಬಳಿ ನಿಂದ್ರೂದಿಲ್ಲ," ಎಂದು ಒಂದು ದಿನ ಬೀಸುವ ಕಲ್ಲಿನ ಮುಂದೆ ಕುಳಿತವಳು ಅಂದುಬಿಟ್ಟಳು. "ನನ್ನ ಮಗ ನಿಂದ್ರತಾನೇನು?"

ಹಿತ್ತಲಲ್ಲಿದ್ದ ಸಕ್ರಪ್ಪನಿಗೆ ಅದು ಕೇಳಿಸಿತು. ಆತ ತಾಯಿಗೆ ಎದುರು ಮಾತಾಡುವವನಲ್ಲ. ಹೆಂಡತಿಗೆ ಸಮಾಧಾನ ಹೇಳಲು ಬರುವವನೂ ಅಲ್ಲ. ಉಳಿ ಮಸೆಯುತ್ತ ಕುಳಿತ.

* * *

"ಇನ್ನೇನು ತಡಾ?" ಎನ್ನುತ್ತ ಮೈಲಾರಲಿಂಗಪ್ಪ ಹೊರಗಿನಿಂದ ಬಂದ. ಸಕ್ರಪ್ಪನ ದೊಡ್ಡಪ್ಪನ ಮಗ, ಈಗ ಮನೆತನಕ್ಕೆ ಹಿರಿಯ. "ಗುಂಡಿ ತಯಾರಾಗೇತಿ. ನಾಳೆ ಅಮಾಸಿ. ಹೊತ್ತು ಮುಳುಗೂದ್ರಾಗ ಮಣ್ಣು ಕೊಡಬೇಕು."

"ಬಳಿ ತಗೀದ ಹೆಣಾ ಎತ್ತಾಕ ಬರೂದಿಲ್ಲೋ," ಎಂದಳು ಬೀರವ್ವ.

"ಹಲಗಿ ಬಾರ್ಸಾವರು ಎಲ್ಲಿ ಅದಾರ?" ಎಂದು ಯಾರೋ ಕೇಳಿದರು.

"ಎಲ್ಲಾರೂ ಮುಂಡರಗಿಗೆ ಹೋಗ್ಯಾರ," ಎಂದ ಮೈಲಾರಲಿಂಗಪ್ಪ. "ಕನ್ನಡ ನಾಡು ಒಂದಾತಲ್ಲ ಇವತ್ತು, ಮೆರವಣಿಗಿ ಐತಂತ. ಹಲಗಿ ಇಲ್ಲದ ಒಯ್ಯಬೇಕು."

ಕಟ್ಟೆಯ ಮೇಲೆ ಕುಳಿತಿದ್ದ ಬಡಿಗೇರ ಹೇಮಪ್ಪ ತಲೆ ಅಲ್ಲಾಡಿಸಿದ. "ಸಕ್ರಪ್ಪ ನಿನ್ನೆ ಮಕ್ಕೊಂಡಾಗ ಮುಂಬಯಿ ರಾಜ್ಯದಾಗಿದ್ದ. ಏಳೂದ್ರಾಗ ಮೈಸೂರು ರಾಜ್ಯ ಆತು."

"ಅವ ಎಲ್ಲಿ ಎದ್ದನೋ ಹೇಮಪ್ಪಾ," ಎಂದ ಮೈಲಾರಲಿಂಗಪ್ಪ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೇಮಪ್ಪನಿಗೆ ಗರಗಸ ತರಲು ಹೇಳಿದ.

ಹೇಮಪ್ಪ ಎದ್ದು ಬಂದು ಮರಿಯವ್ವನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಬಳೆಯನ್ನು ಉಗುರಿನಿಂದ ತಟ್ಟಿದ. ಟಣ್ ಎಂದಿತು.

"ಇದು ಕಮರ ಐತಿ ಯಣ್ಣಾ. ಗರಗಸಕ್ಕ ಸುಮ್ಮನ ಬಗ್ಗೂದಲ್ಲ. ಕೊಯ್ಕೋತ ಕುಂತ್ರ ಕಾದು ಕೆಂಡ ಆಕ್ಕೈತಿ, ಕೈ ಸುಡತೈತಿ. ಗರಗಸ ಜಾರಿತು ಅಂದ್ರ ನರಾ ಹೋದಂಗ. ನಾ ಒಲ್ಲೆ."

"ಹಂಗಾರ ಏನ್ ಮಾಡೂದು?"

ಆಗ ಹನಮಂತವ್ವ ಅಂದಳು, "ಅಲ್ಮಾಸಬಿನ ಕರೀರಿ. ಎಂಥಾ ಬಿಗಿ ಕೈಗೂ ಬಳಿ ಏರಿಸ್ತಾಳ. ಏರಿಸಾಕಿಗೆ ಇಳಸಾಕ ಬರೂದಿಲ್ಲೇನು?"

ಬೀರವ್ವನ ಮುಖ ಬಿಗಿಯಿತು. ಬಳೆಗಾರ್ತಿ ಬಳೆ ಇಡುತ್ತಾಳೆ, ತೆಗೆಯುವುದಿಲ್ಲ. ಸತ್ತ ಮನೆಯಲ್ಲಿ ತೆಗೆದ ಕೈಯಿಂದ ನಾಳೆ ಯಾವ ಮದುಮಗಳು ಬಳೆ ಇಡಿಸಿಕೊಂಡಾಳು? ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಹೊತ್ತು ನಿಲ್ಲುವುದಿಲ್ಲವಲ್ಲ. ಹನಮಂತವ್ವ ತಾನೇ ಎದ್ದು ಅಲ್ಮಾಸಬಿಯ ಮನೆಯ ಕಡೆ ನಡೆದಳು.

* * *

ಕಪ್ಪತಗುಡ್ಡದ ಕಮರವನ್ನು ಸುತ್ತಲ ಹಳ್ಳಿಯವರು ಗಾಣಕ್ಕೆ, ಚಕ್ಕಡಿಯ ಅಚ್ಚಿಗೆ ಕಡಿಯುತ್ತಾರೆ. ನೀರಿಗೆ ಹಾಕಿದರೆ ಮುಳುಗುವ ಕಟ್ಟಿಗೆ ಅದು. ಕೊಡಲಿಯ ಬಾಯಿ ಮುರಿಯುತ್ತದೆ. ಅದನ್ನು ಕಡಸಲಿಗೆ ಹಾಕುವ ಹುಚ್ಚು ಯಾರಿಗೂ ಇರಲಿಲ್ಲ. ಮುಂಡರಗಿಯ ಒಬ್ಬ ಸಾಹುಕಾರರು, ಮಗಳ ಮದುವೆಗೆ ಕೊಡಲು ಹಿಟ್ಟು ನಾದುವ ಬಟ್ಟಲು ಬೇಕು, ಮೊಮ್ಮಗಳ ಕಾಲಕ್ಕೂ ಸೀಳಬಾರದು ಎಂದು ಹೇಳಿ ಕಳಿಸಿದಾಗ ಸಕ್ರಪ್ಪನಿಗೆ ಆ ಹುಚ್ಚು ಹಿಡಿಯಿತು.

ಹಸಿಯಿದ್ದಾಗಲೇ ಒಮ್ಮೆ ಒರಟಾಗಿ ಕಡೆದು, ಆ ದಪ್ಪ ಬಟ್ಟಲನ್ನು ನೆಲದೊಳಗಿನ ಹಗೇವಿನಲ್ಲಿ ಜೋಳದ ನಡುವೆ ಹೂತಿಟ್ಟ. ಬಿಸಿಲಿಗಿಟ್ಟರೆ ಕಮರ ಒಂದೇ ವಾರದಲ್ಲಿ ಸೀಳುತ್ತದೆ. ಕತ್ತಲೆಯಲ್ಲಿ ನಿಧಾನಕ್ಕೆ ಒಣಗಬೇಕು. ಮುಂದಿನ ವರ್ಷ ಜೋಳಕ್ಕೆಂದು ಹಗೇವು ತೆಗೆದಾಗ ಬಟ್ಟಲೂ ಹೊರಗೆ ಬಂತು. ಎಲ್ಲೂ ಸೀಳಿರಲಿಲ್ಲ. ಸಕ್ರಪ್ಪ ಅದನ್ನು ಎದೆಗೆ ಅವಚಿಕೊಂಡು ಹಿತ್ತಲಿಗೆ ಹೋದುದನ್ನು ನೋಡಿ ಮಂಜವ್ವನೂ ನಕ್ಕಳು.

ಎರಡನೆಯ ಸಲ ಕಡೆದ ದಿನ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವಾಗಿತ್ತು. ಶಾಲೆಯ ಮಕ್ಕಳು ಜೈಕಾರ ಹಾಕುತ್ತ ಓಣಿಯಲ್ಲಿ ಹೋದರು. ಊರೆಲ್ಲ ಹೊರಗಿತ್ತು. ಇವರಿಬ್ಬರು ಹಿತ್ತಲಲ್ಲಿ ಬೆವರು ಸುರಿಸುತ್ತಿದ್ದರು.

"ಮಂದಿ ಎಲ್ಲ ಝೇಂಡಾ ನೋಡಾಕ ಹೋಗ್ಯಾರ," ಎಂದಳು ಮರಿಯವ್ವ.

"ಝೇಂಡಾ ನಾಳೆನೂ ಇರತೈತಿ. ಎಳಿ. ನಿಂದ್ರಸಬ್ಯಾಡ."

ಉಳಿ ತಾಗಿದರೆ ಕಮರ ಕಿರುಚುತ್ತಿತ್ತು. ಸಿಪ್ಪೆ ಏಳುತ್ತಿರಲಿಲ್ಲ, ಕೆಂಪು ಪುಡಿ ಹಾರುತ್ತಿತ್ತು. ಉಳಿಯ ತುದಿ ಕಾದು ನೀಲಿಯಾಗುತ್ತಿತ್ತು. ಅದನ್ನು ನೀರಿಗೆ ಅದ್ದಿ, ಮಸೆದು, ಮತ್ತೆ ಹಿಡಿಯಬೇಕು. ಮರಿಯವ್ವ ಎಳೆದಳು. ತೋಳು ಸೋತು ಅಳು ಬರುವಷ್ಟಾದರೂ ಎಳೆದಳು. ಬಟ್ಟಲಿನ ಒಳಗನ್ನು ಪುಡಿ ಮಾಡಿ ತೆಗೆಯುವ ಬದಲು ಆತ ಕೊಕ್ಕೆ ಉಳಿಯಿಂದ ಒಳಗಡೆಗೆ ಒಂದು ಸುತ್ತು ಕೊರೆಯುತ್ತಿದ್ದುದು ಆಕೆಗೆ ಕಾಣಲಿಲ್ಲ. ಒಮ್ಮೆಲೇ ಉಳಿ ಸಿಕ್ಕಿತು, ಹಗ್ಗ ಜಗ್ಗಿತು, ಬಲಗೈಯ ಹೊಸ ಬಳೆಗಳು ಅಷ್ಟೂ ಹೆಚ್ಚಿದವು. ಮಣಿಕಟ್ಟಿನಿಂದ ರಕ್ತ ಇಳಿಯಿತು.

ಮರಿಯವ್ವ ಹಗ್ಗ ಬಿಟ್ಟು ಮಂಡಿಗೆ ಮುಖ ಹಚ್ಚಿ ಕುಳಿತಳು. ನೋವಿಗಲ್ಲ, ಒಳಗಿದ್ದ ಅತ್ತೆಗೆ ಹೆದರಿ. ಸಕ್ರಪ್ಪ ಎದ್ದು ಬಂದು ಆ ಕೈ ಹಿಡಿದ. ಧೋತರದ ತುದಿಯಿಂದ ರಕ್ತ ಒರೆಸಿದ. ಆಮೇಲೆ ಬಟ್ಟಲಿನ ಒಳಗಿನಿಂದ ಬಿಡಿಸಿ ತೆಗೆದ ಕಟ್ಟಿಗೆಯ ಬಳೆಯನ್ನು ಆಕೆಯ ಬೆರಳಿಗೆ ಹಚ್ಚಿ ಒತ್ತಿದ. ಬಿಗಿಯಾಗಿತ್ತು. ಹೆಬ್ಬೆರಳು ಮಡಿಸಿ, ಎಣ್ಣೆ ಹಚ್ಚಿ, ಚರ್ಮ ಸುಲಿಯುವಂತೆ ಒತ್ತಿ ಏರಿಸಿದ.

"ತೊಗೋ. ಇದನ್ನ ಯಾವ ಹಗ್ಗಕ್ಕೂ ಹೆಚ್ಚಸಾಕ ಆಗಂಗಿಲ್ಲ," ಎಂದು ನಕ್ಕ. "ಇದು ಸೀಳೂತನಾ ನಾ ಸಾಯಂಗಿಲ್ಲ. ಹೋಗು, ನಮ್ಮವ್ವಗ ಹೇಳು."

ಆತ ಚೇಷ್ಟೆಗೆ ಅಂದದ್ದು. ಮರಿಯವ್ವ ನಗಲಿಲ್ಲ. ಕಟ್ಟಿಗೆಯ ವಿಷಯದಲ್ಲಿ ಗಂಡ ಹೇಳಿದ್ದು ಎಂದೂ ಸುಳ್ಳಾದದ್ದನ್ನು ಆಕೆ ಕಂಡಿರಲಿಲ್ಲ. ಬಟ್ಟಲು ಮುಂಡರಗಿಗೆ ಹೋಯಿತು, ಅದರ ಹೊಟ್ಟೆಯೊಳಗಿನ ತುಂಡು ಆಕೆಯ ಕೈಯಲ್ಲಿ ಉಳಿಯಿತು. ಏರುವಾಗ ಏರಿದ ಬಳೆ ಮತ್ತೆ ಇಳಿಯಲಿಲ್ಲ.

* * *

ಅಲ್ಮಾಸಬಿ ಅಂಗಳಕ್ಕೆ ಬಂದವಳು ಮೊದಲು ಪಡಸಾಲೆಯ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಹೊಟ್ಟಿ ಮ್ಯಾಲ ಹೊಡದಿ ನೋಡು ಸಕ್ರಪ್ಪಾ, ನಿನ್ನ ಹೇಣ್ತಿ ಒಂದು ಕೈ ನನಗ ಇಲ್ಲದಂಗ ಮಾಡಿದಿ" ಎಂದು ಕಂಡಾಗೆಲ್ಲ ಅವನನ್ನು ಕಾಡುತ್ತಿದ್ದವಳು ಆಕೆ. ಇಂದು ಕಾಡಲು ಯಾರೂ ಇರಲಿಲ್ಲ.

"ನಾ ಮಾತಾಡ್ಸಾಕ ಬಂದೀನಿ," ಎಂದಳು. "ಬಳಿ ತಗ್ಯಾಕಲ್ಲ. ಅದು ನನ್ನ ಕೆಲಸ ಅಲ್ಲ."

"ಹಂಗಾರ ಹೇಮಪ್ಪ ಗರಗಸ ಹಚ್ಚತಾನ," ಎಂದ ಮೈಲಾರಲಿಂಗಪ್ಪ. "ಕೈ ಉಳದರ ಉಳೀತು, ಹೋದರ ಹೋತು. ನಾವೇನು ಮಾಡೂಣವಾ?"

ಅಲ್ಮಾಸಬಿ ಮರಿಯವ್ವನ ಕೈ ನೋಡಿದಳು. ಕಲ್ಲಿನ ಪೆಟ್ಟಿಗೆ ಮಣಿಕಟ್ಟು ಬಾತು ಕಪ್ಪಾಗಿತ್ತು. ಆಕೆ ಎದುರಿಗೆ ಕುಳಿತು, ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಎಣ್ಣೆ ಹಚ್ಚಿದಳು. ಒಂದೊಂದೇ ಬೆರಳನ್ನು ಹಿಡಿದು ನೀವಿದಳು.

"ಮುಷ್ಟಿ ಬಿಡು ಮರಿಯವ್ವಾ."

ಮರಿಯವ್ವ ಬಿಡಲಿಲ್ಲ.

"ಬಿಗಿ ಹಿಡಿದ ಕೈಗೆ ಬಳಿ ಏರೂದೂ ಇಲ್ಲ, ಇಳಿಯೂದೂ ಇಲ್ಲ. ಮಾತಾಡು. ಮಾತಾಡಿದರ ಕೈ ತನ್ನ ತಾನ ಸಡ್ಲ ಆಕ್ಕೈತಿ. ನಿನಗ ಗೊತ್ತಿಲ್ಲೇನು, ಮದುಮಗಳಿಗೆ ಬಳಿ ಇಡೂವಾಗ ನಾ ಎಷ್ಟು ಹರಟೀ ಹೊಡೀತೇನಂತ?"

"ಇದು ಸೀಳಿಲ್ಲ ಬೂಬೂ," ಎಂದಳು ಮರಿಯವ್ವ. ಬೆಳಗಿನಿಂದ ಬಂದ ಮೊದಲ ಮಾತು ಅದು. "ನೋಡು. ಎಲ್ಲಿ ಸೀಳೇತಿ ತೋರ್ಸು. ಇದು ಸೀಳದ ಅವರು ಹೆಂಗ ಹೋದರು?"

"ಹೇಳು."

"ತಿಂಗಳಾತು ಜ್ವರಾ. ದಮ್ಮು. ದಿನಾ ನಾ ಇದನ್ನ ನೋಡತಿದ್ದೆ. ಮುಂಜಾನೆ ಎದ್ದು ನೋಡತಿದ್ದೆ, ಒಲಿ ಮುಂದ ಕುಂತು ನೋಡತಿದ್ದೆ. ಕೂದಲೆಳಿ ಅಷ್ಟೂ ಸೀಳಿದ್ದಿಲ್ಲ. ಸೀಳಿಲ್ಲ ಅಂದ್ರ ಏನೂ ಆಗಂಗಿಲ್ಲ ಅಂತ ಧೈರ್ಯಾ ಮಾಡಿದ್ದೆ. ಗದಗಿಗೆ ಡಾಕ್ಟರ ಕಡೆ ಒಯ್ಯೂಣು ಅಂತ ಭಾವ ಅಂದ್ರು. ನಾನ ಬ್ಯಾಡ ಅಂದೆ. ಚಕ್ಕಡ್ಯಾಗ ದಣೀತಾರ, ಇಲ್ಲೇ ಆರಾಮ ಆಗತಾರ ಅಂದೆ."

ಮೈಲಾರಲಿಂಗಪ್ಪ ಗೋಡೆಯ ಕಡೆ ತಿರುಗಿ ನಿಂತ.

ಅಲ್ಮಾಸಬಿಯ ಹೆಬ್ಬೆರಳು ಅಂಗೈಯ ಬುಡದಲ್ಲಿ ಸುತ್ತುತ್ತಲೇ ಇತ್ತು. "ಹೇಳವಾ."

"ಎಷ್ಟೋ ದಿನ ಕಣ್ಣಿಗೆ ಕಣ್ಣು ಹಚ್ಚಿದ್ದಿಲ್ಲ. ನಿನ್ನೆ ಗಂಜಿ ಕುಡದ್ರು. ದೀಪದ ಬೆಳಕಿಗೆ ಬಳಿ ತಿರುವಿ ತಿರುವಿ ನೋಡಿದೆ. ಗಟ್ಟಿ ಇತ್ತು. ನಂಬಿ ಮಕ್ಕೊಂಡೆ ಬೂಬೂ. ನಂಬಿ ಮಕ್ಕೊಂಡೆ. ಕೋಳಿ ಕೂಗಿದಾಗ ಎದ್ದು ನೋಡಿದ್ರ ಅವರ ಕೈ ನನ್ನ ಕಡೆ ಚಾಚಿತ್ತು. ತಣ್ಣಗ ಆಗಿತ್ತು. ಕರದ್ರೋ ಏನೋ. ನೀರು ಕೇಳಿದ್ರೋ ಏನೋ. ನನಗ ಕೇಳ್ಸಲಿಲ್ಲ."

ಆ ಮಾತು ಮುಗಿಯುವ ಹೊತ್ತಿಗೆ ಮುಷ್ಟಿ ಬಿಚ್ಚಿತ್ತು. ಬೆರಳುಗಳು ಅಲ್ಮಾಸಬಿಯ ತೊಡೆಯ ಮೇಲೆ ಸತ್ತಂತೆ ಬಿದ್ದಿದ್ದವು. ಆಕೆ ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಒಮ್ಮೆ ಒತ್ತಿದಳು. ಬಳೆ ಕೈ ದಾಟಿ ಬಂತು. ಇಡಿಯಾಗಿ ಬಂತು.

ಬಳೆ ಇಟ್ಟಾದ ಮೇಲೆ ಹೆಂಗಸಿನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು "ಮುತ್ತೈದಿಯಾಗಿ ಬಾಳು" ಎನ್ನುವುದು ಅಲ್ಮಾಸಬಿಯ ರೂಢಿ. ರೂಢಿಯಂತೆ ಆ ಕೈಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಹಾಗೇ ಆ ಕೈಯಲ್ಲಿ ಮುಖವಿಟ್ಟುಕೊಂಡು ಗೊಳೋ ಎಂದು ಅತ್ತಳು.

ಮರಿಯವ್ವ ತನ್ನ ಮಣಿಕಟ್ಟನ್ನು ನೋಡುತ್ತಿದ್ದಳು. ಬಿಸಿಲಿಗೆ ಹೊಗೆಗೆ ಕಪ್ಪಾದ ಕೈಯಲ್ಲಿ, ಬಳೆ ಇದ್ದ ಕಡೆ ಬೆರಳಗಲದ ಬಿಳಿ ಪಟ್ಟಿಯೊಂದು ಸುತ್ತ ಇತ್ತು. ಒಂಬತ್ತು ವರ್ಷ ಬಿಸಿಲು ಕಾಣದ ಚರ್ಮ. ಆಕೆ ಅಲ್ಲಿ ಬೆರಳಿಟ್ಟು ಮುಟ್ಟಿದಳು.

"ಅಕ್ಕಾ," ಎಂದು ಬೀರವ್ವನ ಕಡೆ ತಿರುಗಿದಳು. "ಅವರು ಹೋದರೇನು?"

"ಹೋದ ಯವ್ವಾ. ಹೋದ."

ಆಗ ಮರಿಯವ್ವ ಅತ್ತಳು. ಅದನ್ನು ಕೇಳಲಾರದೆ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ಓಣಿಗೆ ಹೋದರು.

ಬಳೆಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಡೆಯದೆ ಬಂದ ಬಳೆಗೆ ಏನು ಪದ್ಧತಿ ಎಂದು ಹಿರಿಯರೂ ಕೇಳಿದವರಲ್ಲ. ಕೊನೆಗೆ ಮರಿಯವ್ವನೇ ಅಂದಳು, "ಸುಳ್ಳು ಹೇಳೇತಿ ಅದು. ಅವರ ಕೂಡ ಕಳಸ್ರಿ."

ಬೀರವ್ವ ಅದನ್ನು ಒಯ್ದು ತಮ್ಮನ ಮಡಿಲಲ್ಲಿಟ್ಟು ಬಟ್ಟೆ ಮುಚ್ಚಿದಳು.

ಹಲಗೆ ಇಲ್ಲದ ಮೆರವಣಿಗೆ ಗುಡ್ಡದ ಕಡೆಗೆ ಸದ್ದಿಲ್ಲದೆ ಹೊರಟಿತು. ಊರ ಚಾವಡಿಯ ಮೇಲೆ ಬೆಳಿಗ್ಗೆ ಏರಿಸಿದ ಬಾವುಟ ಇನ್ನೂ ಹಾರುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸರ ಕಣ್ಣು ಹೆಣದ ಮೇಲೆ ಬಿದ್ದು, ಆಮೇಲೆ ಮರಿಯವ್ವನ ಬಲಗೈಗೆ ಬರುತ್ತಿತ್ತು. ಆ ಬಿಳಿ ಗೆರೆ ದೂರದಿಂದಲೇ ಕಾಣುತ್ತಿತ್ತು. ಬೀರವ್ವನಿಗೆ ಆ ನೋಟ ಗೊತ್ತು. ಆಕೆಯ ಗಂಡ ಹೋದಾಗ ಆಕೆಗಿನ್ನೂ ಮೂಗುತಿ ಹೊಸದಾಗಿತ್ತು. ಆ ದಿನ ಇದೇ ದಾರಿಯಂಥ ದಾರಿಯಲ್ಲಿ ಬರಿಗೈ ಎಲ್ಲಿ ಮುಚ್ಚಿಡಬೇಕೆಂದು ತಿಳಿಯದೆ ಒಬ್ಬಳೇ ನಡೆದಿದ್ದಳು. ಈಗ ಆಕೆ ಮುಂದೆ ಬಂದು, ಅಂಗಳದಲ್ಲಿ ಕಲ್ಲು ಎತ್ತಿದ ಅದೇ ಕೈಯಿಂದ ಮರಿಯವ್ವನ ಮಣಿಕಟ್ಟನ್ನು ಗೆರೆ ಕಾಣದಂತೆ ಸುತ್ತಲೂ ಹಿಡಿದುಕೊಂಡಳು.

ಹಾಗೇ ಗುಂಡಿಯವರೆಗೆ ನಡೆದರು. ಸಕ್ರಪ್ಪನನ್ನು ಇಳಿಸಿ ಕೂರಿಸಿದರು. ಮಣ್ಣು ಕೊಡುವ ಹೊತ್ತಾಯಿತು.

"ಕೈ ಬಿಡು ಬೀರವ್ವಾ," ಎಂದ ಮೈಲಾರಲಿಂಗಪ್ಪ. "ಆಕಿ ಮಣ್ಣು ಕೊಡಬೇಕು."

"ಕೊಡ್ಲಿ. ನಾ ಬಿಡಂಗಿಲ್ಲ."

ಇಬ್ಬರೂ ಒಟ್ಟಿಗೆ ಬಾಗಿದರು. ಮರಿಯವ್ವ ಕೆಂಪು ಮಣ್ಣು ಹಿಡಿದು ಗುಂಡಿಯ ಮೇಲೆ ಕೈ ಚಾಚಿ ಬೆರಳು ಬಿಚ್ಚಿದಳು. ಮಣ್ಣು ಬಿದ್ದ ಸದ್ದಾಯಿತು. ಹಿಂದಿನವರು ತಮ್ಮ ಪಾಳಿಗೆ ಕಾಯುತ್ತಿದ್ದರು. ಆದರೆ ಬೀರವ್ವ ಹಿಡಿದ ಮಣಿಕಟ್ಟು ಬಿಡಲಿಲ್ಲ, ಮರಿಯವ್ವ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಎರಡು ಬರಿಗೈಗಳು ಗುಂಡಿಯ ಮೇಲೆ ಹಾಗೇ ನಿಂತಿದ್ದವು.